ನೀಲಿ ಗೆರೆಯ ಒಳಗೆ, ಹೊರಗೆ: ನೆಗೆವ್ ಮರುಭೂಮಿಯ ಬೆಡೂಯಿನ್ ಊರಿಗೆ ಮಾನ್ಯತೆ ಸಿಕ್ಕ ಮೇಲೂ ಮನೆ ಕಟ್ಟಲಾಗುತ್ತಿಲ್ಲವೇಕೆ?

ಮಣ್ಣುಗುಣ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮೂರು ವರ್ಷ ಇಸ್ರೇಲಿನ ದಕ್ಷಿಣದಲ್ಲಿರುವ ಸ್ದೆ ಬೊಕೆರ್‌ನಲ್ಲಿ ಮಣ್ಣಿನ ಸವಳಿನ ಬಗ್ಗೆ ಸಂಶೋಧನೆ ಮಾಡಿಕೊಂಡಿದ್ದೆ. ಮಾದರಿ ಸಂಗ್ರಹಿಸಲು ಓಡಾಡುವಾಗ ದಾರಿಯಲ್ಲಿ ಸಿಗುತ್ತಿದ್ದ ಊರುಗಳಲ್ಲಿ ಬೀರ್ ಹದಾಜ್ ಒಂದು. ರೆವಿವಿಮ್ ಎಂಬ ಕಿಬ್ಬುತ್ಸ್‌ನ (ಯಹೂದಿಯರ ಸಾಮುದಾಯಿಕ ಕೃಷಿ ವಸತಿಯ) ಆಸುಪಾಸಿನಲ್ಲಿರುವ ಇದು ಬೆಡೂಯಿನರ, ಅಂದರೆ ಮರುಭೂಮಿಯ ಅರಬ್ ಪಶುಪಾಲಕರ, ಅಜಾಜ್ಮೆ ಬುಡಕಟ್ಟಿನವರ ಊರು. ‘ಬೀರ್’ ಎಂದರೆ ಬಾವಿ. ಈ ಊರಿಗೆ ಸರ್ಕಾರದ ಮಾನ್ಯತೆ ಸಿಕ್ಕಿ ಎರಡು ದಶಕ ಕಳೆದಿದೆ. ಹೀಗಿದ್ದೂ ನಾನು ಕಂಡ ಮನೆಗಳಲ್ಲಿ ಬಹುಪಾಲು ತಗಡಿನವು. ನೀರು ಬರುತ್ತಿದ್ದುದು ನೆಲದ ಮೇಲೆಯೇ ಹರಿದಾಡಿದ ಕಪ್ಪು ಪ್ಲಾಸ್ಟಿಕ್ ಕೊಳವೆಗಳಲ್ಲಿ. ಆಗಸ್ಟ್ ತಿಂಗಳ ಮಧ್ಯಾಹ್ನ ಆ ನಲ್ಲಿ ತಿರುಗಿಸಿದರೆ ಮೊದಲ ಐದು ನಿಮಿಷ ಬರುವುದು ಕೈ ಸುಡುವ ನೀರು. ಮಾನ್ಯತೆ ಸಿಗದ ಊರುಗಳಲ್ಲಿಯೂ ಇದೇ ಕೊಳವೆ, ಇದೇ ತಗಡು. ಹಾಗಾದರೆ ಮಾನ್ಯತೆಯಿಂದ ಆದದ್ದೇನು ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿದ್ದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಇಸ್ರೇಲ್ ಸ್ಥಾಪನೆಯ ಹೊತ್ತಿನ 1948ರ ಯುದ್ಧದ ನಂತರ ನೆಗೆವ್‌ನಲ್ಲಿ ಉಳಿದ ಬೆಡೂಯಿನರು ಹನ್ನೆರಡು ಸಾವಿರದ ಆಸುಪಾಸು. ಅದಕ್ಕೂ ಮೊದಲು ಅವರ ಸಂಖ್ಯೆ ಇದರ ಹಲವು ಪಟ್ಟು ಇತ್ತು. ಉಳಿದವರನ್ನು ಬೀರ್‌ಶೆಬಾ, ಅರದ್, ದಿಮೋನಾ ನಡುವಿನ ‘ಸಿಯಾಗ್’ ಎಂಬ ಪ್ರದೇಶಕ್ಕೆ ಸೇರಿಸಲಾಯಿತು. ಸಿಯಾಗ್ ಎಂದರೆ ಬೇಲಿ ಎಂದೇ ಅರ್ಥ. 1966ರವರೆಗೂ ಅಲ್ಲಿ ಸೇನಾಡಳಿತವಿತ್ತು. ಅನುಮತಿ ಚೀಟಿಯಿಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಅಷ್ಟರಲ್ಲಿ 1965ರ ಯೋಜನೆ ಮತ್ತು ಕಟ್ಟಡ ಕಾಯ್ದೆ ಜಾರಿಗೆ ಬಂತು. ಅದರಡಿ ತಯಾರಾದ ನಕ್ಷೆಗಳಲ್ಲಿ ಈ ಊರುಗಳನ್ನು ಗುರುತಿಸಲೇ ಇಲ್ಲ. ನಕ್ಷೆಯಲ್ಲಿ ಊರಿಲ್ಲದ ಮೇಲೆ ಮನೆಗೆ ಪರವಾನಗಿ ಕೊಡುವ ಪ್ರಶ್ನೆಯೇ ಏಳದು. ಪರವಾನಗಿಯಿಲ್ಲದ ಮನೆಗೆ ವಿದ್ಯುತ್ತು, ನೀರು, ದೂರವಾಣಿ ಕೊಡಕೂಡದೆಂದು ಅದೇ ಕಾಯ್ದೆಯ ಇನ್ನೊಂದು ಕಲಮು ಹೇಳುತ್ತದೆ. ಸೇನೆಯೇ ತಂದು ಕೂರಿಸಿದ ಜನರೂ ಹೀಗೆ ಕಾನೂನುಬಾಹಿರ ವಾಸಿಗಳಾದರು. 1968ರಿಂದ ಮುಂದೆ ತೆಲ್ ಶೆವಾ, ರಹತ್ ಮೊದಲಾಗಿ ಏಳು ಪಟ್ಟಣಗಳನ್ನು ಸರ್ಕಾರ ಕಟ್ಟಿಸಿತು. ಅರ್ಧದಷ್ಟು ಜನ ಹೋದರು, ಉಳಿದವರು ಹೋಗಲಿಲ್ಲ. ಹೋಗದೆ ಉಳಿದವರ ವಸತಿಗಳಿಗೆ ಅಧಿಕಾರಿಗಳ ಹೀಬ್ರೂ ಮಾತಿನಲ್ಲಿ ‘ಪ್ಜುರಾ’, ಅಂದರೆ ಚೆದುರು ಎಂಬ ಹೆಸರು ಬಿತ್ತು. ಊರು ಎಂಬ ಪದವನ್ನೇ ಬಳಸದಿರುವ ಈ ಜಾಣತನ ಗಮನಿಸಬೇಕಾದದ್ದು.

ಬೀರ್ ಹದಾಜ್‌ನವರ ಕಥೆ ಇದಕ್ಕಿಂತ ಸ್ವಲ್ಪ ಬೇರೆ. 1970ರ ದಶಕದ ಕೊನೆಯಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ವಾದಿ ಅಲ್-ನಆಮ್ ಕಡೆಗೆ ಕಳಿಸಲಾಗಿತ್ತು. ಅದು ರಾಮತ್ ಹೊವಾವ್ ರಾಸಾಯನಿಕ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡ ಜಾಗ. ತಲೆಯ ಮೇಲೆ ಹೈಟೆನ್ಷನ್ ತಂತಿ ಹಾದುಹೋಗುತ್ತದೆ, ಕೆಳಗಿನ ಮನೆಗಳಲ್ಲಿ ದೀಪವಿಲ್ಲ. ತಮ್ಮ ಹಳೆಯ ನೆಲದಲ್ಲಿ ಬೇರೆಯವರಿಗಾಗಿ ಊರು ಕಟ್ಟುವ ಯೋಜನೆಯಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ, 1994ರಲ್ಲಿ ಈ ಕುಟುಂಬಗಳು ಒಟ್ಟಾಗಿ ಹಿಂದಿರುಗಿ ಬೀಡುಬಿಟ್ಟವು. ಅದರಿಂದ ಸುಮಾರು ಹತ್ತು ವರ್ಷಕ್ಕೆ, 2003ರ ಕೊನೆಯಲ್ಲಿ ‘ಅಬು ಬಸ್ಮಾ’ ಎಂಬ ಹೊಸ ಪ್ರಾದೇಶಿಕ ಮಂಡಳಿ ರಚನೆಯಾಗಿ, ಅದರ ವ್ಯಾಪ್ತಿಗೆ ಬಂದ ಸುಮಾರು ಹತ್ತು ಊರುಗಳ ಜೊತೆ ಬೀರ್ ಹದಾಜ್ ಕೂಡ ಮಾನ್ಯವಾಯಿತು, ಅದೂ ಕೃಷಿ ಗ್ರಾಮವಾಗಿ. 2012ರಲ್ಲಿ ಆ ಮಂಡಳಿ ಒಡೆದು ನೆವೆ ಮಿದ್‌ಬಾರ್ ಮತ್ತು ಅಲ್-ಕಸೂಮ್ ಎಂದು ಎರಡಾಯಿತು. ಶಾಲೆ ಬಂತು, ಚಿಕಿತ್ಸಾಲಯ ಬಂತು. ಮನೆ ಕಟ್ಟುವ ಪರವಾನಗಿ ಮಾತ್ರ ಬರಲಿಲ್ಲ. ಕೆಡವುವ ನೋಟಿಸುಗಳು ನಿಲ್ಲಲೂ ಇಲ್ಲ.

ಊರಿಗೆ ಮಾನ್ಯತೆ ಕೊಡುವುದೂ ನೆಲದ ಒಡೆತನ ಒಪ್ಪುವುದೂ ಬೇರೆ ಬೇರೆ ಪ್ರಶ್ನೆಗಳು. ಅವೆರಡನ್ನೂ ಒಂದೇ ಹಗ್ಗದಲ್ಲಿ ಬಿಗಿದಿರುವುದರಿಂದಲೇ ಮಾನ್ಯತೆ ಕಾಗದದಲ್ಲಿ ಉಳಿದಿದೆ ಎಂಬುದು ನನ್ನ ಅನಿಸಿಕೆ. ಕಂದಾಯ, ಭೂಮಾಪನದ ಅನುಭವವಿರುವವರು ದಯವಿಟ್ಟು ಬರೆಯಿರಿ.

ಹಳೆಯ ಶಾನುಭೋಗ

ನಿವೃತ್ತ ಗ್ರಾಮ ಲೆಕ್ಕಾಧಿಕಾರಿಯಾಗಿ ಎರಡು ಸಂಶಯಗಳನ್ನು ಕೇಳುತ್ತೇನೆ. ಮೊದಲನೆಯದು, ಅವರ ಕೈಯಲ್ಲಿ ದಾಖಲೆ ಏನಿದೆ? ತುರ್ಕರ ಕಾಲದ್ದಾಗಲಿ ಬ್ರಿಟಿಷರ ಕಾಲದ್ದಾಗಲಿ ಒಂದು ತೆರಿಗೆ ರಸೀದಿಯಾದರೂ ಇರಬೇಕಲ್ಲವೇ? ಎರಡನೆಯದು, ನಮ್ಮಲ್ಲಿ ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳಾಗಿ ಮಾಡಿದ ಹಾಗೆ ಅಲ್ಲಿಯೂ ಮಾಡಲು ಅಡ್ಡಿ ಏನು? 2023ರ ಜನವರಿಯಲ್ಲಿ ಮಳಖೇಡದಲ್ಲಿ ಸಾವಿರಾರು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತಷ್ಟೆ. ಮನಸ್ಸಿದ್ದರೆ ಕಾಯ್ದೆ ತಿದ್ದುವುದು ಅಷ್ಟು ಕಷ್ಟದ ಕೆಲಸವಲ್ಲ.

ಮಣ್ಣುಗುಣ

ಶಾನುಭೋಗರೇ, ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ತಾಂಡಾದ ಹಕ್ಕುಪತ್ರ ಮನೆ ಈಗ ನಿಂತಿರುವ ಜಾಗಕ್ಕೇ ಸಿಗುತ್ತದೆ. ನೆಗೆವ್‌ನಲ್ಲಿ ಹಾಗಲ್ಲ. ಯೋಜನಾ ಸಮಿತಿ ನಕ್ಷೆಯ ಮೇಲೆ ಊರಿನ ಎಲ್ಲೆಯನ್ನು ನೀಲಿ ಬಣ್ಣದಲ್ಲಿ ಎಳೆಯುತ್ತದೆ. ಅಲ್ಲಿಯವರ ಬಾಯಲ್ಲಿ ಅದು ‘ಕಾವ್ ಕಹೋಲ್’, ನೀಲಿ ಗೆರೆ. ಅದರ ಹೊರಗಿರುವ ಮನೆಯವರು ಒಳಗೆ ಬರಬೇಕು, ಒಳಗಿರುವವರೂ ಸರ್ಕಾರ ಅಳೆದುಕೊಟ್ಟ ನಿವೇಶನಕ್ಕೆ ಹೋಗಬೇಕು. ನಿವೇಶನ ಪಡೆಯಲು ಹೋದಾಗ ‘ನಿಮ್ಮ ಹಳೆಯ ಭೂಹಕ್ಕಿನ ಅರ್ಜಿಯನ್ನು ಇತ್ಯರ್ಥಪಡಿಸಿಕೊಳ್ಳಿ’ ಎಂಬ ಮಾತು ಬರುತ್ತದೆ. ತಾಂಡಾದ ಹೋಲಿಕೆ ಇಲ್ಲಿಗೆ ನಿಂತುಹೋಗುತ್ತದೆ.

ಇನ್ನು ದಾಖಲೆಯ ವಿಷಯ. 1858ರ ಆಟೊಮನ್ ಭೂಸಂಹಿತೆಯಲ್ಲಿ ‘ಮವಾತ್’ ಎಂಬ ವರ್ಗವೊಂದಿದೆ. ಅಕ್ಷರಶಃ ಸತ್ತ ನೆಲ. ನಿಮ್ಮ ಭಾಷೆಯಲ್ಲಿ ಖರಾಬು ಎನ್ನಬಹುದೇನೋ. ಊರಿನ ಕೊನೆಯ ಮನೆಯ ಬಳಿ ನಿಂತು ಒಬ್ಬ ಮನುಷ್ಯ ಗಟ್ಟಿಯಾಗಿ ಕೂಗಿದರೆ ಕೇಳಿಸದಷ್ಟು ದೂರ, ಅಂದರೆ ಸುಮಾರು ಒಂದೂವರೆ ಮೈಲಿ ಆಚೆಗಿರುವ, ಯಾರ ಸ್ವಾಧೀನದಲ್ಲೂ ಇಲ್ಲದ ನೆಲ ಮವಾತ್. ಅಂಥ ನೆಲವನ್ನು ಉತ್ತು ಬೆಳೆ ತೆಗೆದವರು ಎರಡು ತಿಂಗಳಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಬ್ರಿಟಿಷರು 1921ರಲ್ಲಿ ಆದೇಶ ಹೊರಡಿಸಿದರು. ನೆಗೆವ್‌ನಲ್ಲಿ ನೋಂದಾಯಿಸಿದವರು ಇಲ್ಲವೆನ್ನುವಷ್ಟು ಕಡಿಮೆ. ಬುಡಕಟ್ಟಿನ ಕಟ್ಟಳೆಯಲ್ಲಿ ಯಾರ ನೆಲ ಯಾರದೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ದಫ್ತರಿಗೆ ಹೋದರೆ ತೆರಿಗೆ, ಸೈನ್ಯಕ್ಕೆ ಸೇರ್ಪಡೆ ಎಂಬ ಹೆದರಿಕೆಯೂ ಇತ್ತು. ಆ ಎರಡು ತಿಂಗಳ ಮೌನಕ್ಕೆ ಇವತ್ತಿಗೂ ಬೆಲೆ ತೆರುತ್ತಿದ್ದಾರೆ. 1984ರ ಅಲ್-ಹವಾಶ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೆಗೆವ್‌ನ ಇಂಥ ನೆಲವನ್ನು ಮವಾತ್ ಎಂದೇ ಪರಿಗಣಿಸಿತು. ಆಗ ಅದು ನೆಚ್ಚಿಕೊಂಡ ಆಧಾರಗಳಲ್ಲಿ 1870ರ ಸುಮಾರಿಗೆ ಅಲ್ಲಿ ಸಂಚರಿಸಿದ ಇಂಗ್ಲಿಷ್ ವಿದ್ವಾಂಸ ಪಾಮರ್ ಅವರ ಪ್ರವಾಸ ವಿವರಣೆಯೂ ಒಂದು. ಕಪ್ಪು ಮೇಕೆಗೂದಲಿನ ಗುಡಾರಗಳು ಅವರ ಕಣ್ಣಿಗೆ ಊರಾಗಿ ಕಾಣಲಿಲ್ಲ.

ಒಂದು ಸ್ವಾರಸ್ಯ: ತುರ್ಕರು 1900ರಲ್ಲಿ ಬೀರ್‌ಶೆಬಾ ಪಟ್ಟಣ ಕಟ್ಟಲು ಹೊರಟಾಗ ಜಾಗವನ್ನು ಇದೇ ಅಜಾಜ್ಮೆ ಬುಡಕಟ್ಟಿನವರಿಂದ ಹಣ ಕೊಟ್ಟು ಕೊಂಡಿದ್ದರು. ಒಡೆಯರಿಲ್ಲದ ನೆಲವಾಗಿದ್ದರೆ ಹಣ ಕೊಟ್ಟದ್ದು ಯಾರಿಗೆ?

ನೇರನುಡಿ

ಚರ್ಚೆ ಒಂದೇ ಕಡೆಗೆ ವಾಲುತ್ತಿದೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ. ಸರ್ಕಾರದ ವಾದವನ್ನೂ ನ್ಯಾಯವಾಗಿ ಮುಂದಿಡೋಣ. ನೆಗೆವ್‌ನ ಬೆಡೂಯಿನರ ಸಂಖ್ಯೆ ಇಂದು ಸುಮಾರು ಮೂರು ಲಕ್ಷ. ಮೂವತ್ತೈದರಷ್ಟು ಅಮಾನ್ಯ ವಸತಿಗಳಲ್ಲಿ ಒಂದೊಂದು ಮನೆ ಇನ್ನೊಂದರಿಂದ ಅರ್ಧ ಕಿಲೋಮೀಟರು ದೂರವಿದ್ದರೆ ಒಳಚರಂಡಿ ಎಳೆಯುವುದು ಹೇಗೆ? 1970ರ ದಶಕದಲ್ಲಿ ಸಲ್ಲಿಕೆಯಾದ ಸುಮಾರು 3,200 ಭೂಹಕ್ಕಿನ ಅರ್ಜಿಗಳು ಲಕ್ಷಾಂತರ ದುನಮ್‌ಗಳಿಗೆ ಸಂಬಂಧಿಸಿವೆ. ಅವನ್ನೆಲ್ಲ ಇತ್ಯರ್ಥಪಡಿಸದೆ ಯಾವ ಸರ್ಕಾರವೂ ರಸ್ತೆಯ ಅಳತೆಗೂ ಕೈಹಾಕಲಾರದು. ಸರ್ಕಾರ ಪರಿಹಾರ ಕೊಡಲು ಮುಂದೆ ಬಂದಿತ್ತು, ಜನ ಒಪ್ಪಲಿಲ್ಲ. ನಿವೃತ್ತ ನ್ಯಾಯಮೂರ್ತಿ ಗೋಲ್ಡ್‌ಬರ್ಗ್ ಅವರ ಸಮಿತಿ 2008ರಲ್ಲಿ ಸಾಧ್ಯವಾದಷ್ಟು ಊರುಗಳನ್ನು ಮಾನ್ಯ ಮಾಡಬೇಕೆಂದು ಶಿಫಾರಸು ಮಾಡಿತ್ತು. ಅದರ ಬೆನ್ನಿಗೆ, ಭೂಹಕ್ಕು ಮತ್ತು ಮರುವಸತಿಯನ್ನು ಇತ್ಯರ್ಥಪಡಿಸಲು ಬಂದ ಪ್ರಾವರ್ ಯೋಜನೆಯ ಮಸೂದೆ 2013ರ ಜೂನ್‌ನಲ್ಲಿ ಮೊದಲ ವಾಚನದಲ್ಲಿ ಅಂಗೀಕಾರವಾಗಿ, ಪ್ರತಿಭಟನೆಗಳ ನಡುವೆ ಅದೇ ಡಿಸೆಂಬರಿನಲ್ಲಿ ಮೂಲೆಗೆ ಸರಿಯಿತು. ಅದನ್ನು ಬೀಳಿಸಿದವರಲ್ಲಿ ಬೆಡೂಯಿನರೂ ಇದ್ದರಲ್ಲವೇ?

ಮಣ್ಣುಗುಣ

ಇದ್ದರು, ಜೊತೆಗೆ, ಬೆಡೂಯಿನರಿಗೆ ಅತಿಯಾಗಿ ಕೊಡಲಾಗುತ್ತಿದೆ ಎಂದು ಆಕ್ಷೇಪಿಸಿದ ಬಲಪಂಥದ ಸಂಸದರೂ ಇದ್ದರು. ಬೆಡೂಯಿನರು ವಿರೋಧಿಸಲು ಕಾರಣ, ಆ ಯೋಜನೆ ಹತ್ತಾರು ಸಾವಿರ ಜನರನ್ನು ಮತ್ತೆ ಎಬ್ಬಿಸಲಿತ್ತು. ಮನೆಗಳ ದೂರದ ಮಾತು ಒಪ್ಪತಕ್ಕದ್ದೇ. ಆದರೆ ಅದೇ ನೆಗೆವ್‌ನಲ್ಲಿ ಒಂದೇ ಒಂದು ಕುಟುಂಬ ವಾಸಿಸುವ ಯಹೂದಿ ಒಂಟಿ ತೋಟಗಳಿಗೆ ನೀರು, ವಿದ್ಯುತ್ತು ತಲುಪಿರುವುದನ್ನು ನಾನು ಸ್ದೆ ಬೊಕೆರ್ ರಸ್ತೆಯಲ್ಲಿಯೇ ಕಂಡಿದ್ದೇನೆ. ಅವುಗಳಲ್ಲಿ ಹಲವು ಮೊದಲು ಪರವಾನಗಿಯಿಲ್ಲದೆ ಹುಟ್ಟಿ, ಆಮೇಲೆ ಕಾನೂನಿನ ಮೂಲಕ ಸಕ್ರಮವಾದವು.

ಕುಂದಾಪುರದ ಅಕ್ಕ

ನಾನು ಬೀರ್‌ಶೆಬಾದಲ್ಲಿ ವಯಸ್ಸಾದ ಒಬ್ಬ ತಾಯಿಯ ಆರೈಕೆಯ ಕೆಲಸದಲ್ಲಿದ್ದೇನೆ. ನಮ್ಮ ಕರಾವಳಿಯವರು ಈ ದೇಶದಲ್ಲಿ ಸಾಕಷ್ಟು ಮಂದಿ ಇದೇ ಕೆಲಸ ಮಾಡುತ್ತಿದ್ದಾರೆ. ಕಾನೂನು ನನಗೆ ತಿಳಿಯದು, ಕಂಡದ್ದನ್ನು ಹೇಳುತ್ತೇನೆ.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ನೋಡಿಕೊಂಡ ದಾದಿಯರಲ್ಲಿ ಒಬ್ಬಳು ಬೆಡೂಯಿನ್ ಹುಡುಗಿ. ರಾತ್ರಿ ಪಾಳಿಯಲ್ಲಿ ಮಾತಿಗೆ ಸಿಗುತ್ತಿದ್ದಳು. ಒಮ್ಮೆ ತನ್ನ ಗುರುತಿನ ಚೀಟಿ ತೋರಿಸಿದಳು. ವಿಳಾಸದ ಜಾಗದಲ್ಲಿ ಊರಿನ ಹೆಸರಿರಲಿಲ್ಲ, ಬುಡಕಟ್ಟಿನ ಹೆಸರಿತ್ತು. ಅದೇ ಬುಡಕಟ್ಟಿನ ಹೆಸರು ನಲವತ್ತು ಕಿಲೋಮೀಟರು ಆಚೆ ವಾಸಿಸುವ ಅವಳ ಚಿಕ್ಕಪ್ಪನ ಚೀಟಿಯಲ್ಲಿಯೂ ಇದೆಯಂತೆ. ಕಾಗದಪತ್ರ ಬರುವುದು ಹತ್ತಿರದ ಪಟ್ಟಣದ ಅಂಚೆಪೆಟ್ಟಿಗೆಗೆ. ಅವಳ ತಾಯಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸಿನವರು ಹೆದ್ದಾರಿಯ ತಿರುವಿನಲ್ಲಿ ನಿಂತಿದ್ದು, ಮನೆಯವರೇ ಪಿಕಪ್ ವಾಹನದಲ್ಲಿ ಅಲ್ಲಿಯವರೆಗೆ ಕರೆತಂದರಂತೆ. ತಿರುವಿನಲ್ಲಿ ಊರಿನ ಫಲಕವಿಲ್ಲ. ‘ಇಂಥ ಕಿಲೋಮೀಟರು ಕಲ್ಲು ದಾಟಿ ಬಲಕ್ಕೆ, ನೀಲಿ ನೀರಿನ ಟ್ಯಾಂಕಿಯ ಹತ್ತಿರ’ ಎಂದು ಹೇಳಬೇಕು.

2023ರ ಅಕ್ಟೋಬರಿನಲ್ಲಿ ಗಾಜಾದಿಂದ ಬಂದ ರಾಕೆಟ್ ಬೀಳುವಾಗ ನಮಗೆ ಸೈರನ್ ಕೇಳುತ್ತಿತ್ತು, ಭದ್ರತಾ ಕೋಣೆಯೂ ಇತ್ತು. ಅವಳ ಮನೆಯವರು ರಸ್ತೆಯ ಕೆಳಗಿನ ಮೋರಿಯಲ್ಲಿ ಅಡಗಿ ಕೂರುತ್ತಿದ್ದರು. ಊರು ನಕ್ಷೆಯಲ್ಲಿ ಇಲ್ಲವಾದ್ದರಿಂದ ಆ ಜಾಗ ‘ಬಯಲು’ ಎಂಬ ಲೆಕ್ಕಕ್ಕೆ ಸೇರುತ್ತದೆ, ಬಯಲಿಗೆ ಬೀಳುವ ರಾಕೆಟ್ಟನ್ನು ಸೇನೆ ತಡೆಯುವುದಿಲ್ಲ ಎಂದು ಅವಳೇ ವಿವರಿಸಿದಳು. ಆ ತಿಂಗಳು ಅಮಾನ್ಯ ಊರುಗಳಲ್ಲಿ ರಾಕೆಟ್ ಬಿದ್ದು ಮಕ್ಕಳೂ ಸತ್ತರು.

ಮಾನ್ಯತೆಯಿಂದ ಏನೂ ಆಗಲಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅವಳು ಓದಿದ್ದು ಮಾನ್ಯತೆ ಸಿಕ್ಕ ಅಬು ತುಲುಲ್ ಎಂಬ ಊರಿನ ಪ್ರೌಢಶಾಲೆಯಲ್ಲಿ. ಆ ಶಾಲೆಗಾಗಿ ಹೆಣ್ಣುಮಕ್ಕಳ ಪರವಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತಂತೆ. ಅದಿಲ್ಲದಿದ್ದರೆ ದೂರದ ಪಟ್ಟಣಕ್ಕೆ ಗಂಡುಮಕ್ಕಳ ಜೊತೆ ಬಸ್ಸಿನಲ್ಲಿ ಕಳಿಸಲು ಅವಳ ಅಜ್ಜ ಒಪ್ಪುತ್ತಿರಲಿಲ್ಲ.

ಮಣ್ಣುಗುಣ

ಅಕ್ಕಾ, ನೀವು ತಿದ್ದಿದ್ದು ಸರಿ. ಮನೆಯ ಮಟ್ಟದಲ್ಲಿ ಏನೂ ಆಗಲಿಲ್ಲ ಎಂದು ನಾನು ಬರೆಯಬೇಕಿತ್ತು.

ಕಲಮು-ಕಾಯ್ದೆ

ವೃತ್ತಿಯಿಂದ ವಕೀಲ, ಧಾರವಾಡದವನು. ತೀರ್ಪುಗಳನ್ನು ಓದುವ ಹವ್ಯಾಸವಿರುವುದರಿಂದ ಉಮ್ ಅಲ್-ಹೀರಾನ್ ಪ್ರಕರಣವನ್ನು ಇಲ್ಲಿ ತರುತ್ತಿದ್ದೇನೆ. ಬೀರ್ ಹದಾಜ್‌ನ ಜೊತೆ ಇಟ್ಟು ನೋಡಬೇಕಾದ ಊರು ಅದು.

ಅಲ್ಲಿಯ ನಿವಾಸಿಗಳಾದ ಅಬು ಅಲ್-ಕಿಆನ್ ಕುಲದವರನ್ನು 1948ರ ನಂತರ ಅವರ ಮೂಲ ನೆಲದಿಂದ ಎಬ್ಬಿಸಿ, 1956ರಲ್ಲಿ ಸೇನಾಡಳಿತವೇ ವಾದಿ ಅತೀರ್‌ಗೆ ತಂದು ಕೂರಿಸಿತು. ಅವರ ಮೂಲ ನೆಲ ಈಗ ಶೋವಲ್ ಕಿಬ್ಬುತ್ಸ್‌ನದು. ಅಂದರೆ ಇವರು ಅತಿಕ್ರಮಣದಾರರಲ್ಲ, ಸರ್ಕಾರದ ಅನುಮತಿಯಿಂದ ವಾಸಿಸಿದವರು. 2015ರ ಮೇ ತಿಂಗಳ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಿಕೊಂಡಿತು. ಒಪ್ಪಿಕೊಂಡೇ ಹೇಳಿತು, ಅನುಮತಿ ಕೊಟ್ಟವರು ಅದನ್ನು ಹಿಂಪಡೆಯಲೂ ಬಲ್ಲರು ಎಂದು. ಮೂವರಲ್ಲಿ ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು. ಅದೇ ಜಾಗದಲ್ಲಿ ಹೀರಾನ್ ಎಂಬ ಯಹೂದಿ ಊರು ಬರಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. 2017ರ ಜನವರಿ 18ರಂದು ಮನೆ ಕೆಡವಲು ಪೊಲೀಸರು ಬಂದಾಗ ಊರಿನ ಶಿಕ್ಷಕರೊಬ್ಬರೂ ಒಬ್ಬ ಪೊಲೀಸನೂ ಸತ್ತರು. 2024ರ ನವೆಂಬರಿನಲ್ಲಿ ಉಳಿದ ಮನೆಗಳೂ ನೆಲಸಮವಾದವು; ಹಲವರು ಸರ್ಕಾರದವರು ಬರುವ ಮೊದಲೇ ತಾವಾಗಿ ಕೆಡವಿದ್ದರು. ತಾವಾಗಿ ಕೆಡವಿದರೆ ಬುಲ್ಡೋಜರಿನ ಖರ್ಚು ತಲೆಗೆ ಕಟ್ಟುವುದಿಲ್ಲ ಎಂಬುದು ಕಾರಣ. ನೆಗೆವ್‌ನಲ್ಲಿ 2023ರಲ್ಲಿ ನೆಲಕ್ಕುರುಳಿದ 3,000ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಹೆಚ್ಚಿನವು ಹೀಗೆ ಮಾಲೀಕರ ಕೈಯಿಂದಲೇ ಬಿದ್ದವು.

ನನಗೆ ಕಾಣುವುದಿಷ್ಟು: ಬೀರ್ ಹದಾಜ್‌ನವರು ಅಪ್ಪಣೆ ಕೇಳದೆ ಹಿಂದಿರುಗಿ ಬಂದು ಕೂತರು, ಮಾನ್ಯತೆ ಪಡೆದರು. ಉಮ್ ಅಲ್-ಹೀರಾನ್‌ನವರು ಸರ್ಕಾರ ಹೇಳಿದ ಕಡೆ ಕೂತರು, ನ್ಯಾಯಾಲಯದಲ್ಲಿ ಹೋರಾಡಿದರು, ಊರು ಕಳೆದುಕೊಂಡರು. ಕಾನೂನು ಓದಿದವನಾಗಿ ಇದನ್ನು ಬರೆಯಲು ಇರುಸುಮುರುಸಾಗುತ್ತದೆ. ಇಷ್ಟಾದರೂ 2011ರಲ್ಲಿ ಇದೇ ನ್ಯಾಯಾಲಯ, ಅಮಾನ್ಯ ಊರಿನವರಿಗೂ ಕನಿಷ್ಠ ನೀರು ಪಡೆಯುವ ಹಕ್ಕಿದೆ ಎಂದು ಹೇಳಿದ್ದನ್ನು ಮರೆಯಬಾರದು.

ನೇರನುಡಿ

ಎರಡು ಊರುಗಳಿಂದ ನಿಯಮ ಕಟ್ಟುವುದು ಬೇಡ. ದ್ರೀಜಾತ್ ಎಂಬ ಊರು 2004ರಲ್ಲಿ ಮಾನ್ಯವಾಗಿ, ಮರುವರ್ಷವೇ ಸೌರವಿದ್ಯುತ್ತು ಪಡೆದು, ಪ್ರವಾಸಿಗರು ಹೋಗಿ ನೋಡುವ ಸ್ಥಳವಾಗಿದೆ. 2021ರ ನವೆಂಬರಿನಲ್ಲಿ ಖಶಮ್ ಝನ್ನಾ, ರುಖ್ಮಾ, ಅಬ್ದಾ ಎಂಬ ಇನ್ನೂ ಮೂರು ಊರುಗಳಿಗೆ ಮಾನ್ಯತೆ ಕೊಡುವ ನಿರ್ಣಯವಾಯಿತು. ದಾರಿ ನಿಧಾನವಾದದ್ದು ನಿಜ, ಮುಚ್ಚಿಲ್ಲ.

ಮಣ್ಣುಗುಣ

ದ್ರೀಜಾತ್‌ಗೆ ನಾನೂ ಹೋಗಿದ್ದೇನೆ, ಊರು ಚೆಂದವಾಗಿದೆ. ಆದರೆ ಅಲ್ಲಿಯವರು ಬೆಡೂಯಿನರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಬ್ರೋನ್ ಬೆಟ್ಟಸೀಮೆಯಿಂದ ಬಂದು ಗುಹೆಗಳಲ್ಲಿ ನೆಲೆನಿಂತ ಒಕ್ಕಲುಮಕ್ಕಳು. ಊರು ಚಿಕ್ಕದು, ಮನೆಗಳು ಒತ್ತೊತ್ತಾಗಿವೆ, ನೀಲಿ ಗೆರೆ ಎಳೆಯುವುದು ಸುಲಭ. 2021ರ ಮೂರು ಊರುಗಳಿಗೆ ಬಂದರೆ, ನಿವಾಸಿಗಳಲ್ಲಿ ಶೇಕಡಾ 70ರಷ್ಟು ಮಂದಿ ಗೆರೆಯೊಳಗೆ ಬರಲು ಒಪ್ಪಬೇಕೆಂಬ ಷರತ್ತು ಆ ನಿರ್ಣಯದಲ್ಲಿಯೇ ಇದೆ. ಮೊದಲು ಮಾನ್ಯತೆ ಕೊಟ್ಟು ಆಮೇಲೆ ಒಪ್ಪಿಗೆ ಕೇಳುವ ಮಾನ್ಯತೆ ಅದು.

ಒಪ್ಪಿಗೆ ಏಕೆ ಕಷ್ಟ ಎಂಬುದು ಬೀರ್‌ಶೆಬಾದ ಕಚೇರಿಗಳಲ್ಲಿ ತಿಳಿಯುವ ವಿಷಯವಲ್ಲ. ನನಗೆ ತಿಳಿದದ್ದು ಒಂದು ‘ಶಿಗ್’ನಲ್ಲಿ. ಶಿಗ್ ಎಂದರೆ ಗಂಡಸರು ಕೂರುವ ಅತಿಥಿಗಳ ಜಗಲಿ ಎನ್ನಿ. ಬೀರ್ ಹದಾಜ್‌ನ ಒಬ್ಬ ಹಿರಿಯರು ಕಹಿ ಕಾಫಿಯ ಪುಟ್ಟ ಬಟ್ಟಲನ್ನು ಮೂರು ಸಲ ತುಂಬಿಕೊಟ್ಟ ಮೇಲೆ, ಹಾಸಿಗೆಯ ಕೆಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ನಕ್ಷೆಯನ್ನು ತೆಗೆದು ಹಾಸಿದರು. ಮಡಚಿದ ಕಡೆಗಳಲ್ಲೆಲ್ಲ ಹರಿದು, ಅಂಟುಪಟ್ಟಿ ಹಾಕಿದ್ದ ನಕ್ಷೆ. ನೀಲಿ ಗೆರೆಯೊಳಗಿನ ಒಂದು ಜಾಗದ ಮೇಲೆ ಬೆರಳಿಟ್ಟು, ‘ಇಲ್ಲಿ ನನ್ನ ಮಗನಿಗೆ ನಿವೇಶನ ಕೊಡುತ್ತಾರಂತೆ, ಈ ನೆಲ ಇನ್ನೊಂದು ಮನೆತನದ್ದು’ ಎಂದರು. ಇನ್ನೊಬ್ಬರು ಹಕ್ಕು ಹೇಳುತ್ತಿರುವ ನೆಲದ ಮೇಲೆ ಮನೆ ಕಟ್ಟುವುದು ಅವರ ಕಟ್ಟಳೆಯಲ್ಲಿ ಕಳ್ಳತನಕ್ಕೆ ಸಮ. ಸರ್ಕಾರದ ಲೆಕ್ಕದಲ್ಲಿ ಆ ನೆಲ ಸರ್ಕಾರದ್ದು, ಖಾಲಿ. ಊರಿನವರ ಲೆಕ್ಕದಲ್ಲಿ ಅದಕ್ಕೆ ಒಡೆಯನಿದ್ದಾನೆ, ಅವನ ಅರ್ಜಿ ಅರ್ಧ ಶತಮಾನದಿಂದ ಕಡತದಲ್ಲಿದೆ. ಆ ಒಡೆಯನ ಒಪ್ಪಿಗೆಯಿಲ್ಲದೆ ಯಾರೂ ಗುದ್ದಲಿ ಹಾಕರು. ಹೀಗಾಗಿ ನಿವೇಶನಗಳು ಖಾಲಿ ಉಳಿಯುತ್ತವೆ, ‘ಕೊಟ್ಟರೂ ಬರುವುದಿಲ್ಲ’ ಎಂದು ಅಧಿಕಾರಿಗಳು ಬರೆಯುತ್ತಾರೆ, ಜನ ತಗಡಿನ ಮನೆಗಳಲ್ಲಿಯೇ ಇರುತ್ತಾರೆ. ತಗಡೇ ಏಕೆಂದರೆ, ಕೆಡವಿದರೂ ಮರುದಿನ ಅದೇ ತಗಡನ್ನು ಎತ್ತಿ ನಿಲ್ಲಿಸಬಹುದು.

ಊರಿಗೆ ಮಾನ್ಯತೆ ಕೊಡುವಾಗಲೇ ನೆಲದ ಹಕ್ಕನ್ನೂ ಬಗೆಹರಿಸಿಬಿಡಬೇಕು ಎಂಬ ಹಠವನ್ನು ಬಿಟ್ಟು, ಇರುವ ಮನೆಗಳಿಗೆ ಇರುವ ಜಾಗದಲ್ಲಿಯೇ ಪರವಾನಗಿ ಕೊಟ್ಟು, ಒಡೆತನದ ದಾವೆಗಳನ್ನು ಅವುಗಳ ಪಾಡಿಗೆ ನಡೆಯಲು ಬಿಟ್ಟರೆ ಈ ಗಂಟು ಅರ್ಧ ಸಡಿಲವಾದೀತೆಂದು ನಾನು ಭಾವಿಸುತ್ತೇನೆ. 2022ರ ಜನವರಿಯಲ್ಲಿ ಅಂಗೀಕಾರವಾದ ವಿದ್ಯುತ್ ಕಾನೂನು ಪರವಾನಗಿಯಿಲ್ಲದ ಕೆಲವು ಮನೆಗಳಿಗೂ ವಿದ್ಯುತ್ ಸಂಪರ್ಕಕ್ಕೆ ದಾರಿ ಮಾಡಿದ್ದರಿಂದ, ಇವೆರಡನ್ನೂ ಬೇರ್ಪಡಿಸುವುದು ಆಗದ ಮಾತೇನಲ್ಲ.

ಹಳೆಯ ಶಾನುಭೋಗ

ಈಗ ಅರ್ಥವಾಯಿತು. ನಮ್ಮಲ್ಲಿಯೂ ಪಹಣಿಯಲ್ಲಿ ಸರ್ಕಾರ ಎಂದಿದ್ದರೂ ಅದು ಯಾರ ಹೊಲವೆಂದು ಊರಿಗೆಲ್ಲ ಗೊತ್ತಿರುವ ಜಾಗಗಳುಂಟು. ಅಲ್ಲಿ ಮಂಜೂರಾದ ನಿವೇಶನದಲ್ಲಿ ಅಡಿಗಲ್ಲು ಇಡಲು ಯಾರಿಗೂ ಧೈರ್ಯ ಬರುವುದಿಲ್ಲ. ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ದುನಮ್ ಎಂದರೆ ನಮ್ಮ ಅಳತೆಯಲ್ಲಿ ಎಷ್ಟು? ನಿಮಗೆ ಕಾಫಿ ಕೊಟ್ಟ ಹಿರಿಯರ ಮನೆ ಆ ನೀಲಿ ಗೆರೆಯ ಒಳಗಿತ್ತೋ, ಹೊರಗೋ?

ಮಣ್ಣುಗುಣ

ಒಂದು ದುನಮ್ ಎಂದರೆ ಸಾವಿರ ಚದರ ಮೀಟರು, ಸರಿಸುಮಾರು ಹತ್ತು ಗುಂಟೆ. ಮನೆ ಒಳಗಿತ್ತು. ಕುರಿಹಟ್ಟಿ ಹೊರಗೆ, ನಲವತ್ತು ಹೆಜ್ಜೆ ಆಚೆ. ಹಟ್ಟಿಯ ತಗಡಿನ ಮೇಲೆ ಕೆಡವುವ ನೋಟಿಸನ್ನು ಅಂಟಿಸಿದ್ದರು. ಬಿಸಿಲಿಗೆ ಅಕ್ಷರಗಳು ಮಾಸಿದ್ದವು, ದಿನಾಂಕವನ್ನು ಮಾತ್ರ ಯಾರೋ ಪೆನ್ನಿನಿಂದ ಮತ್ತೆ ತಿದ್ದಿ ಬರೆದಿದ್ದರು. ಬರೆದದ್ದು ಯಾರೆಂದು ಕೇಳಿದಾಗ ಹಿರಿಯರು, ‘ನಾನೇ. ವಕೀಲರಿಗೆ ತೋರಿಸಬೇಕಲ್ಲ’ ಎಂದರು.